ರಾತ್ರಿ ಮೂರು ಗಂಟೆಗೆ ಫ್ಯಾನ್ ಓಡುತ್ತೆ, ಬಿಸಿ ಬರಲ್ಲ: ಟ್ರೇಲರ್ ಫರ್ನೇಸ್‌ನಲ್ಲಿ ಮೊದಲು ಏನು ನೋಡಬೇಕು?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಗಾಡಿಯ ಹಿಂದೆ ಕಟ್ಟಿ ಎಳೆಯುವ, ಪುಟ್ಟ ಮನೆಯಂಥ ಟ್ರಾವೆಲ್ ಟ್ರೇಲರ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಅಕ್ಟೋಬರ್ ಕೊನೆಗೆ ಯೂಟಾದ ಬ್ರೈಸ್ ಕ್ಯಾನಿಯನ್‌ಗೆ ಹೋಗಿದ್ದೆವು. ಊರಿಂದ ಬಂದಿದ್ದ ಅತ್ತೆ ಮಾವನೂ ಜೊತೆಗಿದ್ದರು. ಪಾರ್ಕ್ ಒಳಗಿನ ಕ್ಯಾಂಪ್‌ಗ್ರೌಂಡ್, ಕರೆಂಟ್ ಇಲ್ಲ. ಸಂಜೆ ಫರ್ನೇಸ್ (ಒಳಗೆ ಬಿಸಿ ಗಾಳಿ ಊದುವ ಗ್ಯಾಸ್ ಹೀಟರ್) ಚೆನ್ನಾಗೇ ಓಡಿತು. ರಾತ್ರಿ ಮೂರು ಗಂಟೆ ಹೊತ್ತಿಗೆ ಎಚ್ಚರವಾದಾಗ ಫ್ಯಾನ್ ಮಾತ್ರ ಓಡುತ್ತಿತ್ತು, ಬರುತ್ತಿದ್ದುದು ತಣ್ಣನೆ ಗಾಳಿ. ಹೊರಗೆ ಹೋಗಿ ಇನ್ನೊಂದು ಪ್ರೊಪೇನ್ ಸಿಲಿಂಡರ್‌ಗೆ ಬದಲಾಯಿಸಿದೆ, ಉಪಯೋಗವಾಗಲಿಲ್ಲ. ಅಡುಗೆ ಒಲೆ ಮಾತ್ರ ಹೊತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ಜನರೇಟರ್ ಹಾಕಿದ ಮೇಲೆ ಫರ್ನೇಸ್ ತಾನಾಗಿಯೇ ಸರಿಹೋಯಿತು! ಮನೆಗೆ ಬಂದು ಪ್ಲಗ್ ಹಾಕಿ ನೋಡಿದರೆ ಏನೂ ತೊಂದರೆ ಇಲ್ಲ. ರಿಪೇರಿ ಅಂಗಡಿಯವರು ಸರ್ಕ್ಯೂಟ್ ಬೋರ್ಡ್ ಬದಲಾಯಿಸಬೇಕು ಅಂತಾರೆ. ಗೆಳೆಯನೊಬ್ಬ ಸೇಲ್ ಸ್ವಿಚ್ (ಫ್ಯಾನ್ ಗಾಳಿ ಸಾಕಷ್ಟಿದೆಯಾ ಅಂತ ನೋಡುವ ಸ್ವಿಚ್) ಬೈಪಾಸ್ ಮಾಡಿದರೆ ಸಾಕು ಅಂತಾನೆ. ಮಾವ ಚಳಿಗೆ ಗ್ಯಾಸ್ ಹೆಪ್ಪುಗಟ್ಟಿರಬೇಕು ಅಂತಾರೆ. ಯಾರ ಮಾತು ಕೇಳಲಿ? ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮತ್ತೆ ಹೊರಡಬೇಕು.

ಉತ್ತರ: ಮೂವರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಫರ್ನೇಸ್ ಕಣ್ಣಲ್ಲಿ ನೋಡದೆಯೇ ಹೇಳುತ್ತಿದ್ದೇನೆ, ಆದರೂ ಪಂದ್ಯ ಕಟ್ಟಲು ತಯಾರಿದ್ದೇನೆ: ಅವತ್ತು ಸೋತಿದ್ದು ಬ್ಯಾಟರಿ. ಸಂಜೆ ಓಡಿತು, ನಡುರಾತ್ರಿ ನಿಂತಿತು, ಜನರೇಟರ್ ಹಾಕಿದ ತಕ್ಷಣ ಸರಿಹೋಯಿತು, ಮನೆಯಲ್ಲಿ ಪ್ಲಗ್ ಹಾಕಿದರೆ ತಕರಾರೇ ಇಲ್ಲ. ಇಷ್ಟು ಸುಳಿವು ನೀವೇ ಕೊಟ್ಟಿದ್ದೀರಿ. ಕೆಟ್ಟ ಬೋರ್ಡ್‌ಗೆ ಕರೆಂಟ್ ಗೋಡೆಯಿಂದ ಬಂತೋ ಬ್ಯಾಟರಿಯಿಂದ ಬಂತೋ ಅನ್ನುವ ಭೇದ ಸಾಮಾನ್ಯವಾಗಿ ಇರುವುದಿಲ್ಲ.

ಗ್ಯಾಸ್ ಫರ್ನೇಸ್ ಅಂದ ಕೂಡಲೇ ನಾವೆಲ್ಲ ಗ್ಯಾಸ್ ಕಡೆ ಓಡುತ್ತೇವೆ. ಟ್ರೇಲರ್ ಫರ್ನೇಸ್‌ನಲ್ಲಿ ಗ್ಯಾಸ್ ಬರುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಕರೆಂಟ್ ಬರಬೇಕು, ಆಮೇಲೆ ಗಾಳಿ ಓಡಬೇಕು, ಇವೆರಡೂ ಸರಿಯಿದೆ ಅಂತ ಖಾತ್ರಿಯಾದ ಮೇಲೆಯೇ ಗ್ಯಾಸ್ ವಾಲ್ವ್ ತೆರೆದುಕೊಳ್ಳುವುದು. ಈ ಕ್ರಮ ತಲೆಯಲ್ಲಿದ್ದರೆ ಅರ್ಧ ರಿಪೇರಿ ಆದಂತೆ, ಯಾಕಂದರೆ ಎಲ್ಲಿ ನಿಂತಿತು ಅನ್ನುವುದನ್ನು ಕಿವಿಯಿಂದಲೇ ಹಿಡಿಯಬಹುದು.

ಫರ್ನೇಸ್ ಸಬರ್ಬನ್ ಕಂಪನಿಯದಾಗಲಿ, ಆಟ್‌ವುಡ್ ಕಂಪನಿಯದಾಗಲಿ (ಅದು 2014ರಿಂದ ಡೊಮೆಟಿಕ್ ಕಂಪನಿಯ ಕೈಯಲ್ಲಿದೆ), ಕ್ರಮ ಹೆಚ್ಚೂಕಡಿಮೆ ಒಂದೇ. ಥರ್ಮೋಸ್ಟ್ಯಾಟ್ ಬಿಸಿ ಬೇಕು ಅನ್ನುತ್ತದೆ. 12 ವೋಲ್ಟ್ ಕರೆಂಟ್ ಬ್ಲೋವರ್ ಮೋಟಾರಿಗೆ ಹೋಗಿ ಫ್ಯಾನ್ ತಿರುಗುತ್ತದೆ. ಫ್ಯಾನ್ ಗಾಳಿಯ ದಾರಿಯಲ್ಲಿ ಒಂದು ತೆಳ್ಳನೆ ತಗಡಿನ ರೆಕ್ಕೆ ಇರುತ್ತದೆ, ಅದೇ ಸೇಲ್ ಸ್ವಿಚ್. ಗಾಳಿ ಸಾಕಷ್ಟು ಜೋರಾಗಿದ್ದರೆ ಅದು ಸರಿದು ಸ್ವಿಚ್ ಒತ್ತುತ್ತದೆ. ಅದರ ಜೊತೆ ಸಾಲಿನಲ್ಲೇ ಲಿಮಿಟ್ ಸ್ವಿಚ್ ಇರುತ್ತದೆ, ಫರ್ನೇಸ್ ಅತಿಯಾಗಿ ಕಾದರೆ ತೆರೆದುಕೊಳ್ಳುವಂಥದ್ದು. ಎರಡೂ ಮುಚ್ಚಿದ್ದರೆ, ಅಂದರೆ ಕರೆಂಟ್ ಹರಿಯುವಂತೆ ಕೂಡಿಕೊಂಡಿದ್ದರೆ ಮಾತ್ರ ಬೋರ್ಡ್‌ಗೆ ಒಪ್ಪಿಗೆ ಸಿಗುತ್ತದೆ. ಆಮೇಲೂ ಅದು ಅವಸರ ಮಾಡುವುದಿಲ್ಲ, ಸುಮಾರು 15ರಿಂದ 30 ಸೆಕೆಂಡ್ ಸುಮ್ನೆ ಗಾಳಿ ಓಡಿಸಿ ಒಳಗೆ ಉಳಿದಿರಬಹುದಾದ ಗ್ಯಾಸನ್ನು ಹೊರಹಾಕುತ್ತದೆ. ನಂತರ ಒಂದು ಟಕ್ ಶಬ್ದದೊಂದಿಗೆ ಗ್ಯಾಸ್ ವಾಲ್ವ್ ತೆರೆಯುತ್ತದೆ, ಜೊತೆಗೇ ಟಿಕ್ ಟಿಕ್ ಅಂತ ಕಿಡಿ. ಬೆಂಕಿ ಹೊತ್ತಿದಾಗ ಭುಸ್ ಅನ್ನುವ ಮೆತ್ತನೆ ಸದ್ದು ಕೇಳುತ್ತದೆ. ಕೆಲವು ಸೆಕೆಂಡಿನೊಳಗೆ ಜ್ವಾಲೆ ಕಾಣದಿದ್ದರೆ ವಾಲ್ವ್ ಮುಚ್ಚಿ ಮತ್ತೆ ಪ್ರಯತ್ನಿಸುತ್ತದೆ, ಈಗಿನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೂರು ಸಲ. ಆಮೇಲೆ ಲಾಕ್ ಆಗುತ್ತದೆ. ಥರ್ಮೋಸ್ಟ್ಯಾಟ್ ಆಫ್ ಮಾಡಿ ಮತ್ತೆ ಆನ್ ಮಾಡುವವರೆಗೆ ಅದು ನಿಮ್ಮ ಮಾತು ಕೇಳುವುದಿಲ್ಲ.

ನಿಮ್ಮ ಟ್ರೇಲರ್‌ನಲ್ಲಿ ಫ್ಯಾನ್ ಓಡಿತು. ಟಿಕ್ ಟಿಕ್ ಕೇಳಿಸಿತಾ? ನೀವು ಬರೆದಿಲ್ಲ. ಕೇಳಿಸಿರಲಿಲ್ಲ ಅಂತಾದರೆ ಬೋರ್ಡ್ ಗ್ಯಾಸಿನ ಹಂತಕ್ಕೇ ಬಂದಿರಲಿಲ್ಲ, ಆದ್ದರಿಂದ ಸಿಲಿಂಡರ್ ಬದಲಾಯಿಸಿದ್ದು ದಂಡ. ನಡುರಾತ್ರಿ ಆ ಚಳಿಯಲ್ಲಿ ಸಿಲಿಂಡರ್ ಹಿಂದೆ ಬಿದ್ದ ನಿಮ್ಮನ್ನು ನೆನೆದು ನನಗೂ ಪಾಪ ಅನ್ನಿಸಿತು.

ಈಗ ಬ್ಯಾಟರಿ ಲೆಕ್ಕ ಮಾಡೋಣ. 30 ಸಾವಿರ ಬಿಟಿಯು (ಬಿಸಿಯ ಅಳತೆ) ಫರ್ನೇಸಿನ ಬ್ಲೋವರ್ 7ರಿಂದ 9 ಆಂಪಿಯರ್ ಎಳೆಯುತ್ತದೆ, 8 ಅಂತ ಹಿಡಿಯಿರಿ. ಟ್ರೇಲರ್ ಮಾರುವವರು ಸಾಮಾನ್ಯವಾಗಿ ಹಾಕಿಕೊಡುವುದು ಗ್ರೂಪ್ 24 ಅನ್ನುವ ಒಂದೇ ಒಂದು ಲೆಡ್ ಆ್ಯಸಿಡ್ ಬ್ಯಾಟರಿ, ಹೊಸದಿದ್ದಾಗ ಸುಮಾರು 80 ಆಂಪಿಯರ್ ಅವರ್ (ಆಂಪಿಯರ್ ಗುಣಿಸು ತಾಸು). ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಲೆಡ್ ಬ್ಯಾಟರಿ ಕೊಡುವುದು ಅದರ ಐದರಲ್ಲಿ ನಾಲ್ಕು ಪಾಲು, ಅಂದರೆ 64. ಅದರಲ್ಲೂ ಅರ್ಧ ಮಾತ್ರ ಬಳಸಬೇಕು, ಅದಕ್ಕಿಂತ ಇಳಿದರೆ ವೋಲ್ಟೇಜ್ ಬೀಳುತ್ತದೆ, ಬ್ಯಾಟರಿಯ ಆಯಸ್ಸೂ ಕಡಿಮೆಯಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 32. ಸಂಜೆ 7ರಿಂದ ಮೂರು ಗಂಟೆವರೆಗೆ 8 ತಾಸು. ಅದರಲ್ಲಿ ಅರ್ಧ ಹೊತ್ತು ಫರ್ನೇಸ್ ಓಡಿತು ಅಂದುಕೊಂಡರೂ 4 ತಾಸು ಗುಣಿಸು 8, ಅಲ್ಲಿಗೆ 32 ಮುಗಿಯಿತು. ಇದರ ಮೇಲೆ ದೀಪ, ನೀರಿನ ಪಂಪ್, ಗ್ಯಾಸ್ ಡಿಟೆಕ್ಟರ್, ಫ್ರಿಜ್ಜಿನ ಬೋರ್ಡ್. ಗ್ಯಾಸ್ ಮೇಲೆ ಓಡುವ ಫ್ರಿಜ್ಜಿಗೂ 12 ವೋಲ್ಟ್ ಬೇಕು, ಅದು ತುಂಬಾ ಜನಕ್ಕೆ ಗೊತ್ತಿಲ್ಲ. ಇದೆಲ್ಲ ಹೊಸ ಬ್ಯಾಟರಿಯ ಲೆಕ್ಕ. ಸೆಕೆಂಡ್ ಹ್ಯಾಂಡ್ ಟ್ರೇಲರ್ ಜೊತೆ ಬಂದ ಬ್ಯಾಟರಿ ಅಷ್ಟನ್ನೂ ಕೊಡುವುದು ಅನುಮಾನ. ಮೂರು ಗಂಟೆವರೆಗೆ ಬಂದಿದ್ದೇ ಜಾಸ್ತಿ.

ಎರಡು ದಿನ ಡ್ರೈವ್ ಮಾಡಿಕೊಂಡು ಹೋದೆವು, ಗಾಡಿಯಿಂದ ಚಾರ್ಜ್ ಆಗಿರಬೇಕಲ್ವಾ ಅಂತ ನೀವು ಕೇಳಬಹುದು. ಆಗುತ್ತದೆ, ಆದರೆ ತೀರಾ ಕಡಿಮೆ. ಗಾಡಿಯ 7 ಪಿನ್ ಪ್ಲಗ್‌ನಿಂದ ಟ್ರೇಲರ್ ಬ್ಯಾಟರಿವರೆಗಿನ ತಂತಿ ಉದ್ದ, ಅದೂ ತೆಳ್ಳಗೆ. ಹಾದಿಯಲ್ಲೇ ವೋಲ್ಟೇಜ್ ಕಳೆದುಹೋಗಿ ಬ್ಯಾಟರಿಗೆ ಸೇರುವುದು ಕೆಲವೇ ಆಂಪಿಯರ್. ಕೆಲವು ಗಾಡಿಗಳಲ್ಲಿ ಆ ಚಾರ್ಜ್ ಲೈನಿನ ಫ್ಯೂಸನ್ನೇ ಹಾಕಿರುವುದಿಲ್ಲ. ಫ್ರಿಜ್ಜನ್ನು 12 ವೋಲ್ಟ್ ಮೇಲೆ ಓಡಿಸುತ್ತಾ ಬಂದಿದ್ದರಂತೂ ಅದೇ ಎಲ್ಲವನ್ನೂ ಕುಡಿದಿರುತ್ತದೆ.

ವೋಲ್ಟೇಜ್ ಇಳಿದಾಗ ಫ್ಯಾನ್ ನಿಂತುಬಿಡುವುದಿಲ್ಲ, ನಿಧಾನವಾಗುತ್ತದೆ. ನಿಮ್ಮನ್ನು ಮೋಸ ಮಾಡಿದ್ದು ಇದೇ. ನಿದ್ದೆಗಣ್ಣಲ್ಲಿ ಕೇಳಿದರೆ ಫ್ಯಾನ್ ಸರಿಯಾಗೇ ಓಡುತ್ತಿದೆ ಅನ್ನಿಸುತ್ತದೆ. ಆದರೆ ಆ ಗಾಳಿ ಸೇಲ್ ಸ್ವಿಚ್ಚಿನ ರೆಕ್ಕೆಯನ್ನು ಪೂರ್ತಿ ಸರಿಸುವಷ್ಟು ಇರುವುದಿಲ್ಲ. ಒಪ್ಪಿಗೆ ಸಿಗದೆ ಬೋರ್ಡ್ ಕಾಯುತ್ತಾ ಕೂರುತ್ತದೆ, ಅಷ್ಟು ಹೊತ್ತೂ ಫ್ಯಾನ್ ಉಳಿದ ಬ್ಯಾಟರಿಯನ್ನು ತಿನ್ನುತ್ತಾ ಒಳಗಿನ ತಣ್ಣನೆ ಗಾಳಿಯನ್ನೇ ತಿರುಗಿಸಿ ನಿಮ್ಮ ಮೇಲೆ ಊದುತ್ತದೆ. ಬ್ರೈಸ್‌ನಲ್ಲಿ ಇನ್ನೊಂದು ಸೇರಿಕೊಂಡಿದೆ. ಆ ಜಾಗ ಸಮುದ್ರ ಮಟ್ಟದಿಂದ ಸುಮಾರು 8,000 ಅಡಿ ಮೇಲಿದೆ, ಫ್ರೀಮಾಂಟ್‌ಗೆ ಹೋಲಿಸಿದರೆ ಗಾಳಿ ಕಾಲು ಭಾಗದ ಹತ್ತಿರ ತೆಳು. ತೆಳು ಗಾಳಿ ರೆಕ್ಕೆಯನ್ನು ತಳ್ಳುವುದೂ ಕಡಿಮೆ. ಹಾಗಾಗಿ ಮನೆಯಲ್ಲಿ ಹೇಗೋ ನಿಭಾಯಿಸುವ ವೋಲ್ಟೇಜ್ ಅಲ್ಲಿ ಸಾಲದೆ ಹೋಗಬಹುದು.

ಮನೆಯಲ್ಲಿ ಪ್ಲಗ್ ಹಾಕಿದಾಗ ಏನಾಗುತ್ತದೆ ಅಂದರೆ, ಮನೆಯ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಇಳಿಸುವ, ಟ್ರೇಲರ್ ಒಳಗಿನ ಕನ್ವರ್ಟರ್ ಸುಮಾರು 13.6 ವೋಲ್ಟ್ ಕೊಡುತ್ತದೆ, ಫ್ಯಾನ್ ಭರ್ಜರಿಯಾಗಿ ಓಡುತ್ತದೆ. ಅಂಗಡಿಯವರೂ ಹಾಗೇ ಪ್ಲಗ್ ಹಾಕಿಯೇ ನೋಡಿರುತ್ತಾರೆ. ತೊಂದರೆ ಕಾಣಲಿಲ್ಲ, ಗಿರಾಕಿ ತೊಂದರೆ ಇದೆ ಅಂತಾನೆ, ಹಾಗಾದರೆ ಬೋರ್ಡೇ ಇರಬೇಕು ಅಂತ ತೀರ್ಮಾನ. ಟ್ರೇಲರ್ ರಿಪೇರಿ ಮಾಡುವ ನಮ್ಮಲ್ಲಿ ಇದೊಂದು ಕೆಟ್ಟ ಚಾಳಿ, ಗೊತ್ತಾಗದಿದ್ದಕ್ಕೆಲ್ಲ ಬೋರ್ಡ್ ಹೊಣೆ. ಬಿಚ್ಚಿ ಎಸೆದ ಬೋರ್ಡ್‌ಗಳಲ್ಲಿ ಚೆನ್ನಾಗಿರುವವು ಎಷ್ಟೋ.

ನನ್ನ ಮಾತನ್ನೂ ನಂಬಬೇಡಿ, ಅಳೆದು ನೋಡಿ. 20 ಡಾಲರ್ ಮಲ್ಟಿಮೀಟರ್ ಸಾಕು. ಟ್ರೇಲರ್ ಪ್ಲಗ್ ತೆಗೆದು ಒಂದೆರಡು ತಾಸು ಏನೂ ಓಡಿಸದೆ ಬಿಡಿ, ಆಮೇಲೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಇಡಿ. 12.6 ಅಥವಾ 12.7 ಬಂದರೆ ತುಂಬಿದೆ. 12.1ರ ಆಸುಪಾಸು ಇದ್ದರೆ ಅರ್ಧ ಖಾಲಿ. ಆದರೆ ಇದು ನಿಂತ ಬ್ಯಾಟರಿಯ ಲೆಕ್ಕ, ಇದನ್ನೇ ನಂಬಿ ಕೂರಬಾರದು. ಹಳೆ ಬ್ಯಾಟರಿ ಸುಮ್ನಿದ್ದಾಗ 12.6 ತೋರಿಸಿ, ಕೆಲಸ ಕೊಟ್ಟ ಹತ್ತು ನಿಮಿಷಕ್ಕೆ ಕುಸಿಯುತ್ತದೆ. ಆದ್ದರಿಂದ ಥರ್ಮೋಸ್ಟ್ಯಾಟ್ ಏರಿಸಿ ಫರ್ನೇಸ್ ಓಡಿಸಿ, ಓಡುತ್ತಿರುವಾಗಲೇ ಮತ್ತೆ ಅಳೆಯಿರಿ. ಬ್ಯಾಟರಿ ತುದಿಯಲ್ಲಿ ಒಂದು ಸಲ, ಫರ್ನೇಸಿಗೆ ಒಳಬರುವ ಪ್ಲಸ್ ಮೈನಸ್ ತಂತಿಯಲ್ಲಿ ಇನ್ನೊಂದು ಸಲ. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ದಾರಿಯಲ್ಲಿ ಎಲ್ಲೋ ಸೋರಿಕೆ. ಫರ್ನೇಸಿನ ಹತ್ತಿರ 10.5ಕ್ಕಿಂತ ಕೆಳಗೆ ಬಂದರೆ ಅದು ಓಡಬೇಕು ಅಂತ ಆಸೆಪಡುವುದೇ ತಪ್ಪು, 11ರ ಹತ್ತಿರ ಬಂದಾಗಲೇ ಫ್ಯಾನ್ ಸದ್ದು ಇಳಿದದ್ದು ಗೊತ್ತಾಗುತ್ತದೆ.

ದಾರಿಯಲ್ಲಿ ಸೋರುವುದು ಎಲ್ಲಿ? ಹೆಚ್ಚಾಗಿ ನೆಗೆಟಿವ್ ಕಡೆ. ಟ್ರೇಲರ್ ಮುಂದೆ ಬ್ಯಾಟರಿಯ ಮೈನಸ್ ತಂತಿಯನ್ನು ಚಾಸಿಗೆ ಒಂದು ಸ್ಕ್ರೂನಿಂದ ಬಿಗಿದಿರುತ್ತಾರೆ, ಮಳೆ ಕೆಸರಿಗೆ ಅದು ತುಕ್ಕು ಹಿಡಿಯುತ್ತದೆ. ಬಿಚ್ಚಿ, ಉಜ್ಜುಕಾಗದದಿಂದ ಹೊಳೆಯುವ ತನಕ ಉಜ್ಜಿ, ಮತ್ತೆ ಗಟ್ಟಿಯಾಗಿ ಬಿಗಿಯಿರಿ. ಬ್ಯಾಟರಿ ತುದಿಗಳ ಹಸಿರು ಬಿಳಿ ಪುಡಿಯನ್ನೂ ತೆಗೆಯಿರಿ. ಫರ್ನೇಸಿನ ಹತ್ತಿರ ತಂತಿಗಳನ್ನು ತಿರುಚಿ ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿದ ಜೋಡಣೆಗಳು ಇರುತ್ತವೆ, ಗಾಡಿ ಅಲುಗಾಡಿ ಅವೂ ಸಡಿಲವಾಗುತ್ತವೆ. ಕೈ ಹಾಕುವ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಪ್ಲಗ್ ತೆಗೆಯಿರಿ.

ವೋಲ್ಟೇಜ್ ಎಲ್ಲಾ ಕಡೆ ಚೆನ್ನಾಗಿದ್ದೂ ಫ್ಯಾನ್ ಮಾತ್ರ ಓಡಿ ಕಿಡಿ ಬರದಿದ್ದರೆ ಆಗ ಸೇಲ್ ಸ್ವಿಚ್ ಕಡೆ ತಿರುಗಿ. ನಾಯಿ ಕೂದಲು, ಕಂಬಳಿಯ ನೂಲು, ಧೂಳು ಎಲ್ಲ ಹೋಗಿ ಆ ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ಹಳೆಯ ಮಾಲೀಕರು ನಾಯಿ ಸಾಕಿದ್ದರೋ ಏನೋ, ನೋಡಿ. ರೆಕ್ಕೆ ಬೆರಳಿಗೆ ಸಲೀಸಾಗಿ ಸರಿದು ತಾನಾಗಿ ವಾಪಸ್ ಬರಬೇಕು. ಮೀಟರಿನಲ್ಲಿ ಒತ್ತಿದಾಗ ಮುಚ್ಚಿ, ಬಿಟ್ಟಾಗ ತೆರೆಯಬೇಕು. ಕೆಟ್ಟಿದ್ದರೆ ಹೊಸದನ್ನೇ ಹಾಕಿ, ಬೋರ್ಡಿನ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ ಕಾಸು.

ನಿಮ್ಮ ಗೆಳೆಯ ಹೇಳಿದ ಬೈಪಾಸ್ ಮಾತ್ರ ಬೇಡ, ಒಂದು ರಾತ್ರಿಗೂ ಬೇಡ. ಈ ಫರ್ನೇಸಿನಲ್ಲಿ ಒಂದೇ ಮೋಟಾರಿಗೆ ಎರಡು ಫ್ಯಾನ್ ಚಕ್ರ ಇರುತ್ತವೆ. ಒಂದು ಒಳಗಿನ ಗಾಳಿಯನ್ನು ಬಿಸಿ ಮಾಡಿ ತರುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಬೆಂಕಿಗೆ ಕೊಟ್ಟು ಹೊಗೆಯನ್ನು ಹೊರಗೇ ತಳ್ಳುತ್ತದೆ. ಸೇಲ್ ಸ್ವಿಚ್ ಬೈಪಾಸ್ ಮಾಡಿದರೆ ಮೋಟಾರ್ ಕುಂಟುತ್ತಿದ್ದರೂ, ನಿಂತೇ ಹೋಗಿದ್ದರೂ ಬೋರ್ಡ್ ಗ್ಯಾಸ್ ಬಿಡುತ್ತದೆ. ಬೆಂಕಿಗೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಹೀಟ್ ಎಕ್ಸ್‌ಚೇಂಜರ್ (ಬೆಂಕಿಯನ್ನು ಒಳಗಿನ ಗಾಳಿಯಿಂದ ಬೇರ್ಪಡಿಸುವ ಲೋಹದ ಗೂಡು) ಕೆಂಪಗೆ ಕಾದು ಸೀಳು ಬಿಡುತ್ತದೆ, ಆಮೇಲೆ ಆ ಹೊಗೆ ನೀವು ಮಲಗಿರುವ ಕಡೆಗೇ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಅತ್ತೆ ಮಾವ, ಮಕ್ಕಳನ್ನು ಮಲಗಿಸಿಕೊಂಡು ಈ ಪ್ರಯೋಗ ಯಾಕೆ? ಕೆಲವು ಬೋರ್ಡ್‌ಗಳಂತೂ ಫ್ಯಾನ್ ಓಡುವ ಮೊದಲೇ ಸೇಲ್ ಸ್ವಿಚ್ ಮುಚ್ಚಿರುವುದನ್ನು ಕಂಡರೆ ಶುರುವೇ ಆಗುವುದಿಲ್ಲ.

ಲಿಮಿಟ್ ಸ್ವಿಚ್ಚಿನ ಲಕ್ಷಣ ಬೇರೆ. ಬಿಸಿ ಬರುತ್ತದೆ, ಕೆಲವು ನಿಮಿಷಕ್ಕೆ ಬೆಂಕಿ ಆರಿ ಫ್ಯಾನ್ ಮಾತ್ರ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬಿಸಿ, ಮತ್ತೆ ತಣ್ಣಗೆ. ಸಾಮಾನ್ಯವಾಗಿ ಸ್ವಿಚ್ ಕೆಟ್ಟಿರುವುದಿಲ್ಲ, ಬಿಸಿ ಗಾಳಿ ಹೊರಬರುವ ದಾರಿ ಮುಚ್ಚಿರುತ್ತದೆ. ನೆಲದ ಜಾಲರಿ ಮೇಲೆ ಸೂಟ್‌ಕೇಸು, ಮಂಚದ ಕೆಳಗೆ ತುರುಕಿದ ಸಾಮಾನಿನಡಿ ಅಪ್ಪಚ್ಚಿಯಾದ 4 ಇಂಚಿನ ಪೈಪು, ಇಂಥವೇ. ಮುಖಕ್ಕೆ ಬಿಸಿ ಹೊಡೆಯುತ್ತದೆ ಅಂತ ದೊಡ್ಡವರು ತಮ್ಮ ಹತ್ತಿರದ ಜಾಲರಿಯನ್ನು ಮುಚ್ಚಿಬಿಡುವುದೂ ಉಂಟು. ಮುಚ್ಚಬೇಡಿ ಅಂತ ನಯವಾಗಿ ಹೇಳಿ. ಥರ್ಮೋಸ್ಟ್ಯಾಟ್ ಆಫ್ ಆದ ಮೇಲೆ ಒಂದೆರಡು ನಿಮಿಷ ಫ್ಯಾನ್ ಓಡಿ ಕೊನೆಗೆ ತಣ್ಣನೆ ಗಾಳಿ ಬರುವುದು ಮಾತ್ರ ದೋಷವಲ್ಲ, ಒಳಗಿನ ಕಾವು ಇಳಿಸಲು ಅದು ಹಾಗೆ ಮಾಡಲೇಬೇಕು.

ಇನ್ನು ಮಾವನವರ ಮಾತು. ಅವರಿಗೆ ಹಾಗನ್ನಿಸಿದ್ದಕ್ಕೆ ಕಾರಣ ಇದೆ. ನಮ್ಮೂರಿನ ಅಡುಗೆ ಸಿಲಿಂಡರಿನಲ್ಲಿ ಇರುವುದು ಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಅಮೆರಿಕದಲ್ಲಿ ಟ್ರೇಲರಿಗೆ ತುಂಬಿಸುವುದು ಪ್ರೊಪೇನ್, ಅದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ವರೆಗೂ ಆವಿಯಾಗುತ್ತದೆ. ಬ್ರೈಸ್‌ನ ಅಕ್ಟೋಬರ್ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೂ ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸಿಲಿಂಡರ್ ಮುಗಿಯುತ್ತಾ ಬಂದಿದ್ದು ಚಳಿ ತೀರಾ ಜಾಸ್ತಿಯಿದ್ದರೆ ಒಳಗಿನ ದ್ರವ ಸಾಕಷ್ಟು ಬೇಗ ಆವಿಯಾಗದೆ ಒತ್ತಡ ಇಳಿಯಬಹುದು. ಗ್ಯಾಸಿನಲ್ಲಿ ತೇವ ಇದ್ದರೆ ರೆಗ್ಯುಲೇಟರ್ ಒಳಗೆ ಮಂಜು ಕಟ್ಟಬಹುದು. ನಮ್ಮ ಕಡೆ ಗ್ಯಾಸ್ ಮುಗಿಯುವಾಗ ಸಿಲಿಂಡರ್ ಓರೆ ಮಾಡಿ, ಮಲಗಿಸಿ ಇನ್ನೊಂದು ಹೊತ್ತಿನ ಅಡುಗೆ ಮುಗಿಸುವ ರೂಢಿ ಇದೆಯಲ್ಲ, ಅದನ್ನು ಇಲ್ಲಿ ಮಾಡಲೇಬಾರದು. ದ್ರವ ನೇರ ರೆಗ್ಯುಲೇಟರಿಗೆ ನುಗ್ಗಿದರೆ ಅನಾಹುತ.

ನಿಜವಾಗಿ ಗ್ಯಾಸಿನ ತೊಂದರೆಯಾಗಿದ್ದರೆ ಲಕ್ಷಣ ಹೀಗಿರುತ್ತದೆ: ಫ್ಯಾನ್ ಜೋರಾಗಿ ಓಡುತ್ತದೆ, ಅರ್ಧ ನಿಮಿಷದೊಳಗೆ ಟಿಕ್ ಟಿಕ್ ಶುರುವಾಗುತ್ತದೆ, ಬೆಂಕಿ ಹೊತ್ತುವುದಿಲ್ಲ, ಮೂರು ಸಲ ಹೀಗಾಗಿ ಸುಮ್ಮನಾಗುತ್ತದೆ. ಆಗ ಒಲೆಯ ಬರ್ನರ್‌ಗಳನ್ನೆಲ್ಲ ಒಟ್ಟಿಗೆ ಹಚ್ಚಿ. ಒಂದೇ ಬರ್ನರ್ ಉರಿದರೆ ಏನೂ ತಿಳಿಯುವುದಿಲ್ಲ, ಫರ್ನೇಸಿಗೆ ಅದಕ್ಕಿಂತ ಎಷ್ಟೋ ಪಟ್ಟು ಗ್ಯಾಸ್ ಬೇಕು. ಎಲ್ಲಾ ಬರ್ನರ್ ನೀಲಿಯಾಗಿ, ಗಟ್ಟಿಯಾಗಿ ಉರಿಯುತ್ತಿರುವಾಗ ಫರ್ನೇಸ್ ಹಾಕಿ. ಫರ್ನೇಸಿನ ವಾಲ್ವ್ ತೆರೆದ ಕ್ಷಣ ಒಲೆಯ ಜ್ವಾಲೆ ಕುಗ್ಗಿದರೆ ರೆಗ್ಯುಲೇಟರ್ ಅಥವಾ ಸಿಲಿಂಡರ್ ವಾಲ್ವಿನಲ್ಲಿ ಅಡಚಣೆ. ನೋಡಿಕೊಂಡು ಕೂಡಲೇ ಒಲೆ ಆರಿಸಿ.

ಸಿಲಿಂಡರ್ ವಾಲ್ವನ್ನು ಒಮ್ಮೆಲೇ ರಪ್ ಅಂತ ತಿರುಗಿಸಿದರೆ ಸಿಲಿಂಡರಿಗೆ ಪೈಪು ಸೇರಿಸುವ ಹಸಿರು ತಿರುಪಿನ ಒಳಗಿರುವ ಸುರಕ್ಷತಾ ತಡೆ, ಗ್ಯಾಸ್ ಸೋರುತ್ತಿದೆ ಅಂದುಕೊಂಡು, ಹರಿವನ್ನು ತೀರಾ ಸಣ್ಣ ಮಾಡಿಬಿಡುತ್ತದೆ. ಒಲೆ ಹೇಗೋ ಉರಿಯುತ್ತದೆ, ಫರ್ನೇಸ್ ಹೊತ್ತುವುದಿಲ್ಲ. ಒಲೆ, ಫರ್ನೇಸ್ ಎಲ್ಲ ಆಫ್ ಮಾಡಿ, ಸಿಲಿಂಡರ್ ಪೂರ್ತಿ ಮುಚ್ಚಿ, ಕೆಲವು ನಿಮಿಷ ಬಿಟ್ಟು ಮೆಲ್ಲಗೆ ತೆರೆಯಿರಿ. ಹೊಸ ಸಿಲಿಂಡರ್ ಹಾಕಿದಾಗ ಪೈಪಿನಲ್ಲಿ ಗಾಳಿ ತುಂಬಿರುತ್ತದೆ, ಮೊದಲು ಒಲೆ ಹಚ್ಚಿ ಅದನ್ನು ಕಳೆಯಿರಿ. ಎರಡು ಸಿಲಿಂಡರ್ ನಡುವಿನ ರೆಗ್ಯುಲೇಟರಿನ ಗುಂಡಿ ಯಾವ ಕಡೆ ತಿರುಗಿದೆ ಅಂತಲೂ ನೋಡಿ, ತುಂಬಿದ ಸಿಲಿಂಡರಿನ ವಾಲ್ವ್ ಮುಚ್ಚಿಟ್ಟು ಗುಂಡಿಯನ್ನು ಮಾತ್ರ ಅದರ ಕಡೆ ತಿರುಗಿಸುವವರಿದ್ದಾರೆ. ರೆಗ್ಯುಲೇಟರ್ 11 ಇಂಚು ನೀರಿನ ಒತ್ತಡ ಕೊಡಬೇಕು. ಅದನ್ನು ಅಳೆಯಲು ಮ್ಯಾನೋಮೀಟರ್ ಬೇಕು, ಅಲ್ಲಿಂದ ಮುಂದೆ ಗ್ಯಾಸ್ ಕೆಲಸ ಬಲ್ಲವರನ್ನು ಕರೆಯಿರಿ. ನೀವು ಮಾಡಬಹುದಾದದ್ದು ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡುವುದು.

ಬೆಂಕಿ ಹೊತ್ತಿ ಕೆಲವೇ ಸೆಕೆಂಡಿಗೆ ಆರಿಹೋದರೆ ಕಥೆ ಇನ್ನೊಂದು. ಜ್ವಾಲೆಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟನ್ನು ಬೋರ್ಡ್ ಅಳೆದು ಬೆಂಕಿ ಇದೆ ಅಂತ ತಿಳಿಯುತ್ತದೆ. ಬೆಂಕಿಯಲ್ಲಿ ನಿಲ್ಲುವ ಲೋಹದ ಕಡ್ಡಿಯ, ಅಂದರೆ ಎಲೆಕ್ಟ್ರೋಡಿನ ಮೇಲೆ ಮಸಿ, ಅದರ ಪಿಂಗಾಣಿಯಲ್ಲಿ ಬಿರುಕು, ಸರಿಯಿಲ್ಲದ ಗ್ರೌಂಡ್, ಇವುಗಳಲ್ಲಿ ಒಂದಿದ್ದರೂ ಉರಿಯುವ ಬೆಂಕಿ ಅದಕ್ಕೆ ಕಾಣುವುದಿಲ್ಲ. ಬೋರ್ಡಿನ ಅಂಚಿನ ತಾಮ್ರದ ಗೆರೆಗಳು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿ. ಎಷ್ಟೋ ಸಲ ಹೊಸ ಬೋರ್ಡ್ ಹಾಕಿದಾಗ ಸರಿಹೋಗಲು ನಿಜವಾದ ಕಾರಣ ಬಿಚ್ಚಿ ಹಾಕಿದಾಗ ಕನೆಕ್ಟರ್ ಸ್ವಚ್ಛವಾಗಿದ್ದು! ಬೋರ್ಡಿನ ಮೇಲೆ ಸಣ್ಣ ದೀಪ ಇದ್ದರೆ ಅದು ಎಷ್ಟು ಸಲ ಮಿಟುಕುತ್ತದೆ ಎಣಿಸಿ, ಅರ್ಥ ಫರ್ನೇಸಿನ ಮೇಲಿನ ಸ್ಟಿಕ್ಕರಿನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಒಂದೊಂದು ಮಾಡೆಲಿಗೆ ಒಂದೊಂದು ಲೆಕ್ಕ, ಯಾರೋ ಹೇಳಿದ್ದನ್ನು ನಂಬಬೇಡಿ.

ಹೊರಗೆ ಹೊಗೆ ಬರುವ ಕೊಳವೆಯನ್ನೂ ಟಾರ್ಚ್ ಹಾಕಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೂ ಜೇಡಗಳಿಗೂ ಅದು ಬಲು ಇಷ್ಟದ ಜಾಗ, ಬೇಸಿಗೆಯಲ್ಲಿ ನಿಂತ ಟ್ರೇಲರ್ ಅಂದರೆ ಕೇಳುವುದೇ ಬೇಡ. ಅಡ್ಡಲಾಗಿ ಜಾಲರಿ ಹಾಕುವ ಮೊದಲು ನಿಮ್ಮ ಫರ್ನೇಸಿನ ಮ್ಯಾನ್ಯುಯಲ್ ಒಪ್ಪುತ್ತದಾ ನೋಡಿ, ಸಣ್ಣ ಕಣ್ಣಿನ ಜಾಲರಿ ಗಾಳಿಯನ್ನೇ ಕಟ್ಟಿಬಿಡುತ್ತದೆ.

ಒಂದು ವಿಷಯ ಕೇಳಲೇಬೇಕು. ಒಲೆ ಹೊತ್ತಿಕೊಳ್ಳುತ್ತಿತ್ತು ಅಂದಿರಿ. ಆ ರಾತ್ರಿ ಅದನ್ನೇ ಉರಿಸಿಟ್ಟು ಬೆಚ್ಚಗೆ ಮಾಡಿಕೊಂಡಿರಾ? ಹಾಗೆ ಮಾಡಿದ್ದರೆ ಇನ್ನು ಮುಂದೆ ಬೇಡ. ಫರ್ನೇಸಿನ ಹೊಗೆ ಹೊರಗೆ ಹೋಗುತ್ತದೆ, ಒಲೆಯದು ಒಳಗೇ ಉಳಿಯುತ್ತದೆ, ಕಿಟಕಿ ಮುಚ್ಚಿದ ಸಣ್ಣ ಡಬ್ಬಿಯಂಥ ಜಾಗದಲ್ಲಿ ಆಮ್ಲಜನಕವನ್ನೂ ತಿನ್ನುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮತ್ತು ನೆಲದ ಹತ್ತಿರದ ಗ್ಯಾಸ್ ಅಲಾರಂ ಎರಡರ ಹಿಂದೆಯೂ ದಿನಾಂಕ ಇರುತ್ತದೆ, ಸೆಕೆಂಡ್ ಹ್ಯಾಂಡ್ ಟ್ರೇಲರಿನಲ್ಲಿ ಅವು ಅವಧಿ ಮುಗಿದಿರುವ ಸಾಧ್ಯತೆ ಜಾಸ್ತಿ. ಗ್ಯಾಸ್ ಅಲಾರಂ ಕೆಳಗಿರುವುದು ಯಾಕೆಂದರೆ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಸಿಲಿಂಡರ್ ಮುಚ್ಚಿ.

ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಬಿಚ್ಚಿಕೊಂಡು ಯಾವುದಾದರೂ ಆಟೋ ಪಾರ್ಟ್ಸ್ ಅಂಗಡಿಗೆ ಒಯ್ದು ಲೋಡ್ ಟೆಸ್ಟ್ ಮಾಡಿಸಿ, ಬಹಳ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಸೋತರೆ ಅದೇ ಅಳತೆಯ ಇನ್ನೊಂದು ಬ್ಯಾಟರಿ ಕೊಳ್ಳಬೇಡಿ, ಮತ್ತೆ ಅದೇ ಮೂರು ಗಂಟೆ ಬರುತ್ತದೆ. 6 ವೋಲ್ಟಿನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 200 ಆಂಪಿಯರ್ ಅವರ್‌ಗಿಂತ ಜಾಸ್ತಿ ಸಿಗುತ್ತದೆ, ತೂಕ ಇದೆ, ಆದರೆ ಗಟ್ಟಿ. ಲಿಥಿಯಂ ಹಗುರ, 100 ಆಂಪಿಯರ್ ಅವರ್ ಅಂದರೆ ಹತ್ತಿರ ಹತ್ತಿರ ಪೂರ್ತಿ ಬಳಸಬಹುದು. ಆದರೆ ಅದನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ, ಹಳೆ ಕನ್ವರ್ಟರ್ ಹೊಂದುವುದೂ ಇಲ್ಲ. ಹೊರಗೆ, ಗಾಡಿಗೆ ಕೊಂಡಿ ಹಾಕುವ ಮುಂಚಾಚಿದ ಭಾಗದ ಮೇಲೆ ಬ್ಯಾಟರಿ ಇಡುವ ಟ್ರೇಲರ್ ತೆಗೆದುಕೊಂಡು ಚಳಿಗೆ ಹೋಗುವ ನಿಮಗೆ ನಾನು ಸದ್ಯಕ್ಕೆ ಗಾಲ್ಫ್ ಕಾರ್ಟ್ ಜೋಡಿಯನ್ನೇ ಹೇಳುತ್ತೇನೆ.

ಕರೆಂಟ್ ಇಲ್ಲದ ಕಡೆ ಇಳಿಯುವುದಾದರೆ ಜನರೇಟರನ್ನು ಬೆಳಿಗ್ಗೆ ಬ್ಯಾಟರಿ ಸತ್ತ ಮೇಲೆ ಹಾಕುವುದಲ್ಲ, ಪಾರ್ಕಿನವರು ಬಿಡುವ ಸಂಜೆಯ ಕೊನೆಯ ಸಮಯದಲ್ಲಿ ಹಾಕಿ ಬ್ಯಾಟರಿ ತುಂಬಿಸಿಕೊಂಡು ಮಲಗಿ. ಥರ್ಮೋಸ್ಟ್ಯಾಟ್ 70ಕ್ಕೆ ಇಟ್ಟು ತೆಳ್ಳನೆ ಚಾದರ ಹೊದ್ದರೆ ಯಾವ ಬ್ಯಾಟರಿಯೂ ತಡೆಯುವುದಿಲ್ಲ, 58 ಅಥವಾ 60 ಫ್ಯಾರನ್‌ಹೀಟಿಗೆ ಇಡಿ, ದಪ್ಪ ರಜಾಯಿ ಒಯ್ಯಿರಿ. ಗ್ಯಾಸ್ ಲೆಕ್ಕವೂ ಇರಲಿ: 30 ಸಾವಿರ ಬಿಟಿಯು ಫರ್ನೇಸ್ ಉರಿದ ಒಂದು ತಾಸಿಗೆ ಸುಮಾರು 1.4 ಪೌಂಡ್ ಪ್ರೊಪೇನ್ ಸುಡುತ್ತದೆ, 20 ಪೌಂಡ್ ಸಿಲಿಂಡರ್ ಅಂದರೆ ಸರಿಸುಮಾರು 14 ತಾಸಿನ ಉರಿ. ದೊಡ್ಡವರು ಜೊತೆಗಿರುವ ರಾತ್ರಿಗಳಿಗೆ ಪಾರ್ಕ್ ಹೊರಗಿನ ಹುಕಪ್ (ಕರೆಂಟ್ ಪ್ಲಗ್ ಸೌಲಭ್ಯ) ಇರುವ ಜಾಗವನ್ನೇ ಹಿಡಿಯಿರಿ ಅನ್ನುವುದು ನನ್ನ ಸಲಹೆ. ಪ್ಲಗ್ ಇದ್ದರೆ ಈ ಪುರಾಣ ಯಾವುದೂ ಬೇಕಿಲ್ಲ.

ಹೊರಡುವ ವಾರದ ಮೊದಲು ಮನೆ ಮುಂದೆಯೇ ಪ್ಲಗ್ ತೆಗೆದು ಒಂದು ರಾತ್ರಿ ಪೂರ್ತಿ ಫರ್ನೇಸ್ ಓಡಿಸಿ ನೋಡಿ. ಫ್ರೀಮಾಂಟಿನಲ್ಲಿ ಅಂಥ ಚಳಿ ಇಲ್ಲ, ಆದ್ದರಿಂದ ಥರ್ಮೋಸ್ಟ್ಯಾಟ್ ಸ್ವಲ್ಪ ಏರಿಸಿಯೇ ಇಡಿ. ಮಲಗುವ ಮುಂಚೆ, ನಡುರಾತ್ರಿ ಎಚ್ಚರವಾದರೆ, ಬೆಳಿಗ್ಗೆ ಎದ್ದ ಕೂಡಲೇ, ಫ್ಯಾನ್ ಓಡುತ್ತಿರುವಾಗಲೇ ಬ್ಯಾಟರಿ ವೋಲ್ಟೇಜ್ ಬರೆದಿಡಿ. ಅದು 12ರ ಮೇಲೇ ಇದ್ದೂ ಫರ್ನೇಸ್ ಕೈಕೊಟ್ಟರೆ ನನ್ನ ಊಹೆ ತಪ್ಪು. ಆಗ ಆ ಅಂಕಿಗಳು, ಟಿಕ್ ಟಿಕ್ ಕೇಳಿಸಿತಾ ಇಲ್ಲವಾ, ಫರ್ನೇಸಿನ ಮಾಡೆಲ್ ನಂಬರ್ ಇಷ್ಟನ್ನು ಬರೆದು ಕಳಿಸಿ, ಮುಂದಿನದನ್ನು ನೋಡೋಣ. ಬೋರ್ಡಿಗೆ ಆರ್ಡರ್ ಮಾತ್ರ ಅಲ್ಲಿಯವರೆಗೆ ಕೊಡಬೇಡಿ.